ಹುಲಿಯ ದನಿಯಲ್ಲಿ ಹುಲಿಯನ್ನು ಕರೆದ ಆಂಡರ್ಸನ್

ಹೊಸಕೋಟೆ ಸಮೀಪದ ಪಿಲ್ಲಗುಂಪೆ ಇಂದು ಕಾರ್ಖಾನೆಗಳ ಊರು. ಲಾರಿ ಮತ್ತು ಯಂತ್ರಗಳ ಸದ್ದಿನಲ್ಲಿ ಅಲ್ಲಿ ರಸ್ತೆಯಾಚೆಯ ಮಾತೂ ಕೇಳಿಸದು. ಅಲ್ಲಿಂದ ದಕ್ಷಿಣಕ್ಕೆ ಆನೇಕಲ್ ಗಡಿ ದಾಟಿದರೆ ಜವಳಗಿರಿಯ ಕಾಡು. ಆಡಳಿತದಲ್ಲಿ ಅದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದರೂ ಬನ್ನೇರುಘಟ್ಟದ ಅರಣ್ಯಕ್ಕೆ ಹೊಂದಿಕೊಂಡ, ಕನ್ನಡವೂ ಕಿವಿಗೆ ಬೀಳುವ ಸೀಮೆ. ಇರುಳಿನ ಮೌನದಲ್ಲಿ ಅಲ್ಲೊಂದು ಹುಲಿ ಕೂಗಿದರೆ ಎರಡು-ಮೂರು ಕಿಲೋಮೀಟರ್ ದೂರದವರೆಗೂ ಕೇಳುತ್ತಿತ್ತು. ಆ ಕೂಗನ್ನು ತಮ್ಮ ಗಂಟಲಿನಿಂದಲೇ ಹೊರಡಿಸಿ ನರಭಕ್ಷಕಿಯೊಂದನ್ನು ಬಂದೂಕಿನೆದುರಿಗೆ ಬರಮಾಡಿಕೊಂಡವರು ಬೆಂಗಳೂರಿನ ಕೆನೆತ್ ಆಂಡರ್ಸನ್.

1910ರ ಮಾರ್ಚ್ 8ರಂದು ಹೈದರಾಬಾದ್ ಬಳಿಯ ಬೊಲಾರಂನಲ್ಲಿ ಜನಿಸಿದ ಆಂಡರ್ಸನ್, ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮನೆತನದವರು. ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾದರು. ಬಿಡುವು ಸಿಕ್ಕಾಗಲೆಲ್ಲ ಕಾಡು. 1939ರಿಂದ 1966ರವರೆಗೆ ಎಂಟು ನರಭಕ್ಷಕ ಚಿರತೆಗಳು, ಏಳು ಹುಲಿಗಳು ಅವರ ಹೆಸರಿನಲ್ಲಿ ಸರ್ಕಾರಿ ಲೆಕ್ಕಕ್ಕೆ ಸೇರಿವೆ. ಕನ್ನಡಿಗರಿಗಂತೂ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಅವರು ಮನೆಯವರೇ ಆಗಿಬಿಟ್ಟಿದ್ದಾರೆ.

ಬೇಟೆಗಾರರಿಗೆ ಕೂಗಿನ ಉಪಾಯ ಹೊಸದಲ್ಲ. ಚಿರತೆಗೆ ಕಾದು ಕೂರುವವರು ಒಂಟಿಯಾಗಿ ಬಿಟ್ಟರೆ ಅರಚುವ ಮೇಕೆಯನ್ನೇ ಆರಿಸುತ್ತಿದ್ದರು. ಹತ್ತಿರದಲ್ಲಿ ಮನುಷ್ಯನಿದ್ದಾನೆಂದು ತಿಳಿದ ಮೇಕೆ ಧೈರ್ಯ ತಾಳಿ ಸುಮ್ಮನೆ ಮಲಗಿತೆಂದರೆ ಆ ರಾತ್ರಿಯ ಜಾಗರಣೆ ವ್ಯರ್ಥ. ಆದರೆ ಮೇಕೆಯ ದನಿ ಕರೆಯುವುದು ಹಸಿವನ್ನು ಮಾತ್ರ. ಹೊಟ್ಟೆ ತುಂಬಿದ ಪ್ರಾಣಿ ಅದಕ್ಕೆ ಕಿವಿಗೊಡಲಾರದು. ಹಗ್ಗ, ಮಚಾನುಗಳ ಮೋಸಕ್ಕೆ ಒಮ್ಮೆ ಸಿಲುಕಿ ಪಾರಾದ ನರಭಕ್ಷಕವಂತೂ ಹತ್ತಿರ ಸುಳಿಯದು.

ಸಂಗಾತಿಯ ಕರೆ ಬೇರೆಯೇ ಬಗೆಯದು. ವಿಶಾಲವಾದ ನೆಲೆಗಳಲ್ಲಿ ಒಂಟಿಯಾಗಿ ಬಾಳುವ ಹುಲಿಗಳು ಕೂಡುವ ಕಾಲದಲ್ಲಿ ಒಂದನ್ನೊಂದು ಅರಸುವುದು ವಾಸನೆಯ ಗುರುತು ಮತ್ತು ಕೂಗಿನಿಂದ. ಹುಲಿಯ ದನಿಯಲ್ಲಿ ತಗ್ಗು ಸ್ವರವೇ ಹೆಚ್ಚು. ಎಲೆ, ಪೊದೆಗಳು ಏರು ಸ್ವರವನ್ನು ಹೀರಿಕೊಳ್ಳುವಷ್ಟು ತಗ್ಗು ಸ್ವರವನ್ನು ಹೀರಲಾರವು. ಅದು ಕಾಡನ್ನು ಹಾಯ್ದು ಬಹುದೂರ ಸಾಗುತ್ತದೆ. ಕೇಳಿದ ಹುಲಿ ಕೆಲವೊಮ್ಮೆ ಮರುಕೂಗು ಹಾಕುತ್ತ, ಕೆಲವೊಮ್ಮೆ ಸದ್ದೇ ಇಲ್ಲದೆ, ದನಿ ಹೊರಟ ಜಾಗವನ್ನು ಹುಡುಕಿಕೊಂಡು ಬರುತ್ತದೆ. ಮನುಷ್ಯನ ಗಂಟಲಿಗೆ ಅಷ್ಟು ಬಲವಿಲ್ಲ. ಆದ್ದರಿಂದ ಹುಲಿ ತಾನಾಗಿ ಕೂಗುವವರೆಗೆ ಕಾಯಬೇಕು, ಬಳಿಕ ಸಮಯವರಿತು ಉತ್ತರಿಸಬೇಕು. ಕುಮಾವೂನಿನ ಠಾಕ್ ಗ್ರಾಮದ ಹೆಣ್ಣುಹುಲಿಯನ್ನು 1938ರಲ್ಲಿ ಜಿಮ್ ಕಾರ್ಬೆಟ್ ಕರೆದದ್ದೂ ಹೀಗೆಯೇ.

ಜವಳಗಿರಿಯ ಕಥೆ ಆಂಡರ್ಸನ್ ಅವರ 1954ರ ಮೊದಲ ಪುಸ್ತಕದಲ್ಲಿದೆ. ಅವರ ಬರಹದಂತೆ, ಆ ಹೆಣ್ಣುಹುಲಿಯ ಸಂಗಾತಿ ಮೊದಲು ಮನುಷ್ಯರ ಗುಂಡಿಗೆ ಬಲಿಯಾಗಿತ್ತು. ಅದನ್ನು ಕೂಗುತ್ತ ಅಲೆದ ಹೆಣ್ಣು ಆಮೇಲೆ ತಾನೂ ಗುಂಡೇಟು ತಿಂದು ನರಭಕ್ಷಕಿಯಾಯಿತು. ಹಲವರ ಪ್ರಾಣ ತೆಗೆದು, ಎಲ್ಲ ಉಪಾಯಗಳನ್ನೂ ತಪ್ಪಿಸಿಕೊಂಡ ಅದು ಕಡೆಗೊಂದು ಬೆಳದಿಂಗಳ ರಾತ್ರಿ ಮತ್ತೆ ಸಂಗಾತಿಗಾಗಿ ಕೂಗಿತು. ಆಂಡರ್ಸನ್ ಗಂಡುಹುಲಿಯಾಗಿ ಉತ್ತರಿಸಿದರು. ಅದು ಬಂತು, ಬಿತ್ತು.

ಹಳ್ಳಿಗರ ಪಾಲಿಗೆ ಅದು ಬಿಡುಗಡೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಈ ಬೇಟೆಯನ್ನು ಸಾಹಸವೆಂದಷ್ಟೇ ಓದಿ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ಮನುಷ್ಯರು ಕಸಿದುಕೊಂಡದ್ದನ್ನೇ ಮನುಷ್ಯನೊಬ್ಬ ತೋರಿಸಿ ಕರೆದ ಕರೆ ಅದು.

ಕೊನೆಯ ವರ್ಷಗಳಲ್ಲಿ ಆಂಡರ್ಸನ್ ಕಾಡಿನ ಉಳಿವಿನ ಬಗೆಗೆ ಚಿಂತಿಸಿ ಬರೆದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲಕ್ಕೆ ತೆರೆ ಎಳೆಯಿತು. 1974ರ ಆಗಸ್ಟ್ 30ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಜವಳಗಿರಿಗೆ ತಾಗಿಕೊಂಡ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾದದ್ದೂ ಅದೇ ವರ್ಷ.