‘ಮೈಕೊ’ ಹಿಂದಿನ ಮನುಷ್ಯ

ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ಬರುವ ಲಾರಿಗಳ ಹಳೆಯ ಚಾಲಕರಿಗೆ ‘ಮೈಕೊ’ ಎಂಬ ಹೆಸರು ಗೊತ್ತಿಲ್ಲದೆ ಇರುವುದಿಲ್ಲ. ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ಎಂದರೆ ಅವರಿಗೆ ಮೈಕೊ. ನಮ್ಮ ವಯಸ್ಸಿನವರಿಗೆ ಅದು ಬಸ್ಸಿನ ಬೋರ್ಡಿನಲ್ಲಿ ಕಾಣುವ ‘ಮೈಕೊ ಲೇಔಟ್’ ಮಾತ್ರ. ಇದೇ ನಗರದಲ್ಲಿ ಕಾರು, ಬೈಕಿನ ಹುಚ್ಚಿರುವ ಹುಡುಗರ ನಡುವೆ ಒಂದು ಚರ್ಚೆ ಆಗಾಗ ಏಳುತ್ತದೆ. ಸೆನ್ಸರ್ ಕೈಕೊಟ್ಟ ಫ್ಯೂಯೆಲ್ ಇಂಜೆಕ್ಷನ್ ಕಾರಿಗೆ ದುಬಾರಿ ಭಾಗ ತಂದು ಹಾಕುವ ಬದಲು, ಇಡೀ ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಕೂರಿಸಿದರೆ ಹೇಗೆ? ಲ್ಯಾಪ್‌ಟಾಪ್ ಬೇಡ, ಕೋಡ್ ಬೇಡ, ಒಂದು ಸ್ಕ್ರೂಡ್ರೈವರ್ ಸಾಕು ಎಂಬುದು ವಾದ. ಈ ಪ್ರಶ್ನೆಗೆ ಉತ್ತರ ಹುಡುಕುವವರು 1942ರಲ್ಲಿ ತೀರಿಕೊಂಡ ಒಬ್ಬ ಮೆಕ್ಯಾನಿಕ್‌ನ ಬದುಕನ್ನು ಒಮ್ಮೆ ನೋಡಬೇಕು. ಅವನ ಹೆಸರು ರಾಬರ್ಟ್ ಬಾಷ್.

ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ತಂದೆ ಅನುಕೂಲಸ್ಥ ರೈತ, ಪ್ರಯಾಣಿಕರು ತಂಗುವ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಶಾಲೆ ಮುಗಿಸಿದ ಹುಡುಗ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಸೇರಿದ. ಅಲ್ಲಿನ ಯಜಮಾನ ಕಲಿಸುವುದರಲ್ಲಿ ಅಷ್ಟಕ್ಕಷ್ಟೆ. ಮುಂದೆ ತನ್ನ ಕಾರ್ಖಾನೆ ಬೆಳೆದಾಗ ಬಾಷ್ ಕಲಿಕಾರ್ಥಿಗಳ ತರಬೇತಿಗೆ ಅಷ್ಟು ಮಹತ್ವ ಕೊಟ್ಟದ್ದಕ್ಕೆ ಈ ಕಹಿ ಅನುಭವವೂ ಒಂದು ಕಾರಣ.

ಆಮೇಲೆ ಕೆಲವು ವರ್ಷ ಊರೂರು ತಿರುಗಿ ಕೆಲಸ ಮಾಡಿದ. ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಸ್ವಲ್ಪ ಕಾಲ ಅತಿಥಿ ವಿದ್ಯಾರ್ಥಿಯಾಗಿ ಕುಳಿತು ಪಾಠ ಕೇಳಿದ, ಪದವಿ ಪಡೆಯಲಿಲ್ಲ. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ ದುಡಿದ, ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಬ್ರದರ್ಸ್‌ನಲ್ಲಿ ಕೆಲಸ ಮಾಡಿದ. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನ ಒಂದು ಕಟ್ಟಡದ ಹಿಂಭಾಗದಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ. ಜೊತೆಗಿದ್ದವರು ಒಬ್ಬ ಕೆಲಸಗಾರ, ಒಬ್ಬ ಆಳು ಹುಡುಗ. ಆಗ ಅವನಿಗೆ 25 ವರ್ಷ.

ಮೊದಲ ವರ್ಷಗಳು ಕಷ್ಟದವು. ಟೆಲಿಫೋನ್, ವಿದ್ಯುತ್ ಗಂಟೆ ಕೂರಿಸುವುದರಿಂದ ಹಿಡಿದು ಬಂದ ಕೆಲಸವೆಲ್ಲ ಮಾಡಬೇಕಿತ್ತು. ಮನೆಯವರ ಹಣದ ನೆರವಿಲ್ಲದಿದ್ದರೆ ಅಂಗಡಿ ಮುಚ್ಚಿಹೋಗುತ್ತಿತ್ತು. ಈ ಸಂಕಟದ ಕಾಲದಲ್ಲೇ, 1887ರಲ್ಲಿ, ಒಬ್ಬ ಗಿರಾಕಿ ಬಂದು ಗ್ಯಾಸ್ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಬೇಕೆಂದ. ಬಾಷ್ ತಕ್ಷಣ ಲೋಹ ಕೊರೆಯಲು ಕೂರಲಿಲ್ಲ. ಅಂಥ ಸಾಧನ ಇದ್ದ ಎಂಜಿನ್ ಎಲ್ಲಿದೆಯೋ ಅಲ್ಲಿಗೇ ಹೋಗಿ ನೋಡಿದ, ಅದರ ಮೇಲೆ ಪೇಟೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡ, ಆಮೇಲೆ ತನ್ನದನ್ನು ಕಟ್ಟಿದ. ಮ್ಯಾಗ್ನೆಟೊ ಅವನ ಆವಿಷ್ಕಾರವಲ್ಲ. ಇದ್ದುದನ್ನು ಅರ್ಥ ಮಾಡಿಕೊಂಡು ಇನ್ನೂ ನಂಬಿಕೆಗೆ ಅರ್ಹವಾಗಿ ಮಾಡಿದ್ದು ಅವನ ಸಾಧನೆ.

ಆ ಸಾಧನ ನಿಂತಲ್ಲೇ ನಿಧಾನವಾಗಿ ತಿರುಗುವ ಎಂಜಿನ್ನಿಗೆ ಸರಿ. ವಾಹನದ ಎಂಜಿನ್ ವೇಗಕ್ಕೆ ಅದರ ಭಾರವಾದ ಆರ್ಮೇಚರ್ ಹೊಂದುತ್ತಿರಲಿಲ್ಲ. 1897ರಲ್ಲಿ ಡಿ ಡಿಯೋನ್ ಬೂಟೋನ್ ಕಂಪನಿಯ ಮೂರು ಚಕ್ರದ ಗಾಡಿಗೆ ಮ್ಯಾಗ್ನೆಟೊ ಹೊಂದಿಸುವ ಸವಾಲು ಬಂದಾಗ, ಬಾಷ್ ಅಂಗಡಿಯ ಫೋರ್‌ಮನ್ ಅರ್ನಾಲ್ಡ್ ಸೇರಿಂಗರ್ ದಾರಿ ಕಂಡುಹಿಡಿದ. ಆರ್ಮೇಚರ್ ನಿಲ್ಲಲಿ, ಅದರ ಸುತ್ತಲಿನ ಹಗುರ ತೋಳು ಮಾತ್ರ ಚಲಿಸಲಿ ಎಂಬ ಉಪಾಯ ಅದು. 1902ರಲ್ಲಿ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಸಿದ್ಧಪಡಿಸಿದ. ಇವನು ಮೊದಲು ಬಾಷ್ ಬಳಿಯೇ ಕೆಲಸ ಕಲಿತು, ನಂತರ ಓದಿ ಎಂಜಿನಿಯರಾಗಿ ಮರಳಿದವನು. ಕಾರು ಜಗತ್ತು ಬಾಷ್ ಬಾಗಿಲಿಗೆ ಬಂದದ್ದು ಈ ಇಬ್ಬರಿಂದ. 1906ರಲ್ಲಿ ಬಾಷ್ ತನ್ನ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆ ಜಾರಿಗೆ ತಂದ. ಜರ್ಮನಿಯಲ್ಲಿ ಹಾಗೆ ಮಾಡಿದ ಮೊದಲಿಗರಲ್ಲಿ ಅವನೂ ಒಬ್ಬ.

ಮೊದಲ ಮಹಾಯುದ್ಧ ಅವನ ವಿದೇಶಿ ವ್ಯಾಪಾರವನ್ನು ಕಿತ್ತುಕೊಂಡಿತು. 1921ರಲ್ಲಿ ಉತ್ತರಾಧಿಕಾರಿಯಾಗಬೇಕಿದ್ದ ಮಗ ದೀರ್ಘ ಕಾಯಿಲೆಯಿಂದ ತೀರಿಕೊಂಡ. ಅರವತ್ತು ದಾಟಿದ ಮನುಷ್ಯ ಅಲ್ಲಿಗೆ ಸಾಕೆನ್ನಬಹುದಿತ್ತು. ಆದರೆ 1922ರ ಕೊನೆಯಲ್ಲಿ ಬಾಷ್ ಡೀಸೆಲ್ ಇಂಜೆಕ್ಷನ್ ಪಂಪು ಮಾಡಲು ನಿರ್ಧರಿಸಿದ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಕಿಡಿ ಮಾರಿ ಶ್ರೀಮಂತನಾದವನು ಕಿಡಿ ಬೇಡದ ಎಂಜಿನ್ನಿನ ಮೇಲೆ ಹಣ ಹೂಡಿದ.

ರುಡಾಲ್ಫ್ ಡೀಸೆಲ್‌ನ ಮೂಲ ಎಂಜಿನ್ನಿನಲ್ಲಿ ಇಂಧನವನ್ನು ಒಳಗೆ ಊದಲು ಒತ್ತಿದ ಗಾಳಿ ಬೇಕಿತ್ತು, ಅದಕ್ಕೊಂದು ದೊಡ್ಡ ಕಂಪ್ರೆಸರ್ ಬೇಕಿತ್ತು. ಹಡಗಿಗೆ ಅದು ಸರಿ, ಲಾರಿಗೆ ಸಾಧ್ಯವಿಲ್ಲ. ಬಾಷ್ ಪಂಪು ಇಂಧನವನ್ನೇ ಒತ್ತಿ, ಹನಿಯಷ್ಟನ್ನು ಅಳೆದು, ಸರಿಯಾದ ಕ್ಷಣಕ್ಕೆ ಸಿಲಿಂಡರಿಗೆ ಚಿಮ್ಮಿಸಿತು. ಪ್ಲಂಜರ್ ಮತ್ತು ಅದರ ಕೊಳವೆಯ ನಡುವಿನ ಸಂದು ತಲೆಗೂದಲಿಗಿಂತಲೂ ಎಷ್ಟೋ ಕಿರಿದು. 1927ರಲ್ಲಿ ಈ ಪಂಪು ದೊಡ್ಡ ಪ್ರಮಾಣದ ತಯಾರಿಕೆಗೆ ಬಂತು. 1936ರಲ್ಲಿ ಮರ್ಸಿಡಿಸ್ 260 ಡಿ ಕಾರಿನೊಳಗೂ ಸೇರಿತು.

ಅದೇ ವಿದ್ಯೆ ಪೆಟ್ರೋಲಿಗೂ ಬಂತು, ದುರದೃಷ್ಟಕ್ಕೆ ಯುದ್ಧದ ಹಾದಿಯಲ್ಲಿ. ಜರ್ಮನ್ ಯುದ್ಧವಿಮಾನಗಳ ಡಿಬಿ 601 ಎಂಜಿನ್ನಿನಲ್ಲಿ ಇಂಜೆಕ್ಷನ್ ಇತ್ತು. ಬ್ರಿಟನ್ನಿನ ಮರ್ಲಿನ್ ಎಂಜಿನ್ನಿನಲ್ಲಿ ಫ್ಲೋಟ್ ಇರುವ ಕಾರ್ಬುರೇಟರ್. ವಿಮಾನ ಥಟ್ಟನೆ ಮೂತಿ ಕೆಳಗೆ ಮಾಡಿದರೆ ಕಾರ್ಬುರೇಟರಿನ ಪೆಟ್ರೋಲ್ ಮೇಲಕ್ಕೆ ಎಸೆಯಲ್ಪಟ್ಟು ಎಂಜಿನ್ ಮುಗ್ಗರಿಸುತ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಬ್ರಿಟಿಷ್ ಎಂಜಿನಿಯರ್ ಇಂಧನದ ಹಾದಿಯಲ್ಲಿ ರಂಧ್ರವಿರುವ ಒಂದು ಪುಟ್ಟ ಬಿಲ್ಲೆ ಕೂರಿಸಿ ತಾತ್ಕಾಲಿಕ ಪರಿಹಾರ ಕೊಟ್ಟಳು. ಹಾಗೆಂದು ಕಾರ್ಬುರೇಟರ್ ದಡ್ಡ ಸಾಧನವಲ್ಲ. ಸೂಪರ್‌ಚಾರ್ಜರಿಗೆ ಮೊದಲೇ ಪೆಟ್ರೋಲ್ ಆವಿಯಾಗಿ ಗಾಳಿಯನ್ನು ತಂಪು ಮಾಡುತ್ತಿದ್ದುದು ಮರ್ಲಿನ್‌ಗೆ ಲಾಭವೇ ಆಗಿತ್ತು.

ಬಾಷ್ ಬದುಕಿನ ಅತಿ ಕಷ್ಟದ ಪುಟವೂ ಇದೇ ಕಾಲದ್ದು. ಫ್ರಾನ್ಸ್ ಜೊತೆ ರಾಜಿಯಾಗಬೇಕೆಂದು ಬಯಸಿದವನು, ಹಿಟ್ಲರ್ ಆಡಳಿತವನ್ನು ಒಪ್ಪದವನು. ಕಿರುಕುಳಕ್ಕೆ ಒಳಗಾದ ಯೆಹೂದಿಗಳಿಗೆ ನೆರವು ನೀಡಿದ, ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ ತನ್ನ ಕಂಪನಿಯಲ್ಲಿ ಸಲಹೆಗಾರನ ಕೆಲಸದ ಆಸರೆ ಕೊಟ್ಟ. ಆದರೆ ಅದೇ ಕಂಪನಿ ಯುದ್ಧ ಸಾಮಗ್ರಿ ತಯಾರಿಸಿತು. ಬಲವಂತವಾಗಿ ಕರೆತಂದ ಸಾವಿರಾರು ಜನ ಅದರ ಕಾರ್ಖಾನೆಗಳಲ್ಲಿ ದುಡಿದರು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ತಪ್ಪು. 1942ರ ಮಾರ್ಚ್ 12ರಂದು ಅವನು ಸತ್ತಾಗ, ಅವನು ಒಪ್ಪದ ಸರ್ಕಾರವೇ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಅವನ ಇಚ್ಛೆಯ ಜಾಡಿನಲ್ಲಿ ನಡೆದ ಕಂಪನಿಯ ಶೇ 90ಕ್ಕೂ ಹೆಚ್ಚು ಪಾಲು ಇಂದು ಆರೋಗ್ಯ, ಶಿಕ್ಷಣಕ್ಕೆ ದುಡಿಯುವ ಪ್ರತಿಷ್ಠಾನದ ಕೈಯಲ್ಲಿದೆ.

ನಂತರದ ಕಥೆ ನಮ್ಮ ಊರಿಗೂ ಬರುತ್ತದೆ. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಸ್ಥಾಪನೆಯಾಯಿತು. ಆಡುಗೋಡಿಯ ಅದರ ಕಾರ್ಖಾನೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಅತ್ತ ಜರ್ಮನಿಯಲ್ಲಿ 1952ರ ಮರ್ಸಿಡಿಸ್ 300 ಎಸ್‌ಎಲ್ ರೇಸ್ ಕಾರು ಕಾರ್ಬುರೇಟರಿನಲ್ಲಿ ಸುಮಾರು 170 ಅಶ್ವಶಕ್ತಿ ಕೊಟ್ಟರೆ, 1954ರಲ್ಲಿ ಬಾಷ್ ಇಂಜೆಕ್ಷನ್‌ನೊಂದಿಗೆ ರಸ್ತೆಗಿಳಿದ 300 ಎಸ್‌ಎಲ್ ಅದೇ ಮೂರು ಲೀಟರ್ ಗಾತ್ರದ ಎಂಜಿನ್ನಿನಲ್ಲಿ 215 ಕೊಟ್ಟಿತು. 1967ರಲ್ಲಿ ಬಾಷ್‌ನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಫೋಕ್ಸ್‌ವ್ಯಾಗನ್ ಕಾರಿಗೆ ಬಂದದ್ದು ವೇಗಕ್ಕಾಗಿ ಅಲ್ಲ; ಅಮೆರಿಕದ ಹೊಗೆ ನಿಯಮಗಳಿಗಾಗಿ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಕಿಡಿ ಬೇರೆ, ಇಂಧನ ಬೇರೆ ಎಂದು ಬಾಷ್ ಕಾಲದಲ್ಲಿ ಎರಡು ಪೆಟ್ಟಿಗೆಗಳಿದ್ದವು. ಇಂದಿನ ಕಾರಿನಲ್ಲಿ ಎರಡನ್ನೂ ಒಂದೇ ಇಸಿಯು ನಡೆಸುತ್ತದೆ. ಇಂಜೆಕ್ಷನ್ ಕಿತ್ತರೆ ಕಿಡಿಯ ಸಮಯಕ್ಕೂ ಬೇರೆ ವ್ಯವಸ್ಥೆ ಬೇಕು. ಸುಮಾರು 3 ಬಾರ್ ಒತ್ತಡದ ಪೆಟ್ರೋಲ್ ಪಂಪು ಕಾರ್ಬುರೇಟರಿನ ಸೂಜಿ ಕವಾಟವನ್ನು ಸೋಲಿಸುತ್ತದೆ, ಅದನ್ನೂ ಬದಲಿಸಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಇದನ್ನು ಆಕ್ಸಿಜನ್ ಸೆನ್ಸರ್ ಕಾಯುತ್ತದೆ, ಜೆಟ್ಟಿಗೆ ಆ ಕಣ್ಣಿಲ್ಲ. ಮಂಗಳೂರಿನಲ್ಲಿ ಹೊಂದಿಸಿದ ಜೆಟ್ ಮುಳ್ಳಯ್ಯನಗಿರಿಯ ತೆಳು ಗಾಳಿಯಲ್ಲಿ ಪೆಟ್ರೋಲನ್ನು ಅತಿಯಾಗಿ ಸುರಿಯುತ್ತದೆ. ಇದರ ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡಿಗೆ ಅಡ್ಡ ನಿಲ್ಲುತ್ತದೆ. ಉಳಿತಾಯವೆಂದು ಶುರುವಾದದ್ದು ಹೀಗೆ ಸಾಲವಾಗಬಹುದು.

ಟ್ರ್ಯಾಕಿನಲ್ಲಿ ಮಾತ್ರ ಓಡುವ, ಮಾಲೀಕನೇ ಕೈಯಾರೆ ಕಟ್ಟುವ ಕಾರಿಗೆ ಕಾರ್ಬುರೇಟರ್ ಇಂದಿಗೂ ಒಪ್ಪುವ ಆಯ್ಕೆ. ರಸ್ತೆಯ ಕಾರಿಗೆ ಮೊದಲು ವೈರಿಂಗ್, ಅರ್ಥ್ ಸಂಪರ್ಕ, ಫಿಲ್ಟರ್, ಪಂಪಿನ ಒತ್ತಡ ನೋಡಬೇಕು. ಒಂದು ಸಡಿಲ ಸಂಪರ್ಕವೂ ಕೆಟ್ಟ ಸೆನ್ಸರಿನಂತೆ ನಟಿಸಬಲ್ಲದು. ಪದವಿಯಿಲ್ಲದ ಬಾಷ್ 1887ರಲ್ಲಿ ಮಾಡಿದ್ದೂ ಇದನ್ನೇ: ಕಟ್ಟುವ ಮೊದಲು ಹೋಗಿ ನೋಡಿದ. ಪದವಿ ಕೈಗೆ ಬರುವ ಹೊತ್ತಿಗೆ ನಮಗೆ ಈ ಒಂದು ಅಭ್ಯಾಸ ಬಂದರೆ, ಗ್ಯಾರೇಜಿನಲ್ಲೂ ಇಂಟರ್‌ವ್ಯೂನಲ್ಲೂ ಅದು ಕೆಲಸಕ್ಕೆ ಬರುತ್ತದೆ.