ಜಾಕಿ ಮಿಟ್ಟೂ: ಮಟ್ಟು ಒಂದು, ಕಂಠ ನೂರಾರು

ಜಮೈಕಾದ ರೆಗೆ ಸಂಗೀತದಲ್ಲಿ ಒಂದು ಮಟ್ಟು ಒಬ್ಬ ಗಾಯಕನ ಸ್ವತ್ತಲ್ಲ. ಬಾಸ್ ಗಿಟಾರಿನ ಒಂದು ಎಳೆ, ಅದಕ್ಕೆ ಜೋಡಿಯಾದ ಡ್ರಮ್ಮಿನ ನಡೆ, ಮೇಲೊಂದಿಷ್ಟು ಆರ್ಗನ್ ಸ್ವರ ಕೂಡಿದರೆ ‘ರಿಡಿಮ್’ ಸಿದ್ಧ. ಅದರ ಮೇಲೆ ಇಂದು ಒಬ್ಬರು ಪ್ರೇಮಗೀತೆ ಹಾಡಬಹುದು. ಹತ್ತು ವರ್ಷಗಳ ನಂತರ ಮತ್ತೊಬ್ಬರು ಹಸಿವಿನ ಹಾಡು ಹಾಡಬಹುದು. ಡೀಜೆ ಅದೇ ಮಟ್ಟಿಗೆ ಪ್ರಾಸಬದ್ಧವಾಗಿ ಮಾತು ಪೋಣಿಸುತ್ತಾನೆ. ಜಮೈಕಾದಲ್ಲಿ ಡೀಜೆಯೆಂದರೆ ತಟ್ಟೆ ತಿರುಗಿಸುವವನಲ್ಲ, ಮಾತುಗಾರ. ಇಂತಹ ಅನೇಕ ರಿಡಿಮ್‌ಗಳ ಹಿಂದಿದ್ದವರು ಆರ್ಗನ್ ವಾದಕ ಜಾಕಿ ಮಿಟ್ಟೂ.

1948ರ ಮಾರ್ಚ್ 3ರಂದು ಸೇಂಟ್ ಆ್ಯನ್ ಪ್ರಾಂತ್ಯದ ಬ್ರೌನ್ಸ್ ಟೌನಿನಲ್ಲಿ ಅವರ ಜನನ. ಡೊನಾಟ್ ರಾಯ್ ಮಿಟ್ಟೂ ಎಂಬುದು ಪೂರ್ಣ ಹೆಸರು. ಪಿಯಾನೋದ ಮೊದಲ ಪಾಠ ಹೇಳಿಕೊಟ್ಟವರು ಅಜ್ಜಿ. 1964ರಲ್ಲಿ ‘ಸ್ಕಾಟಲೈಟ್ಸ್’ ತಂಡ ರೂಪುಗೊಂಡಾಗ ಹದಿನಾರರ ಈ ಹುಡುಗ ಅದರ ಪಿಯಾನೋ ವಾದಕ. ಮರುವರ್ಷವೇ ಆ ತಂಡ ಒಡೆಯಿತು. ಮಿಟ್ಟೂ ಮಾತ್ರ ಕಿಂಗ್‌ಸ್ಟನ್ನಿನ ಬ್ರೆಂಟ್‌ಫೋರ್ಡ್ ರಸ್ತೆಯಲ್ಲಿದ್ದ ‘ಸ್ಟುಡಿಯೋ ಒನ್’ನಲ್ಲಿ ಉಳಿದರು. ನಿರ್ಮಾಪಕ ಕಾಕ್ಸನ್ ಡಾಡ್ ಅವರ ಈ ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶನದ ಹೊಣೆ ಬಲು ಬೇಗ ಅವರ ಹೆಗಲೇರಿತು. ಗಾಯಕ ಲೆರಾಯ್ ಸಿಬಲ್ಸ್ ಬಾಸ್ ಗಿಟಾರ್ ಹಿಡಿದದ್ದೂ ಅವರ ಪ್ರೇರಣೆಯಿಂದಲೇ.

ಅರವತ್ತರ ದಶಕದ ಕೊನೆಯಲ್ಲಿ ಮಿಟ್ಟೂ ಮತ್ತು ಸಂಗಡಿಗರ ‘ಸೌಂಡ್ ಡೈಮೆನ್ಷನ್’ ವೃಂದ ‘ರಿಯಲ್ ರಾಕ್’ ಎಂಬ ವಾದ್ಯಕೃತಿಯನ್ನು ಧ್ವನಿಮುದ್ರಿಸಿತು. ಅದರಲ್ಲಿ ಗಾಯನವಿಲ್ಲ, ಟ್ರೊಂಬೋನಿನ ಸರಳ ಸ್ವರವಷ್ಟೇ. ಸುಮಾರು ಒಂದು ದಶಕದ ನಂತರ ಅದೇ ಮಟ್ಟಿನ ಮೇಲೆ ವಿಲ್ಲಿ ವಿಲಿಯಮ್ಸ್ ‘ಆರ್ಮಗಿಡಿಯನ್ ಟೈಮ್’ ಹಾಡಿದರು. ಹೊಟ್ಟೆಗಿಲ್ಲದವರ, ನ್ಯಾಯ ದಕ್ಕದವರ ಹಾಡು ಅದು. ಮಿಷಿಗನ್ ಮತ್ತು ಸ್ಮೈಲಿ ಎಂಬ ಡೀಜೆ ಜೋಡಿ ಅದೇ ರಿಡಿಮ್ಮಿಗೆ ‘ನೈಸ್ ಅಪ್ ದ ಡ್ಯಾನ್ಸ್’ ಹೆಣೆದು ಜನರನ್ನು ಕುಣಿಸಿತು. ವಿಷಾದಕ್ಕೂ ಸಂಭ್ರಮಕ್ಕೂ ಒಂದೇ ಮಟ್ಟು ಒಗ್ಗಿತೆಂಬುದೇ ಸೋಜಿಗ! 1979ರಲ್ಲಿ ಲಂಡನ್ನಿನ ‘ದ ಕ್ಲ್ಯಾಶ್’ ತಂಡವೂ ವಿಲಿಯಮ್ಸ್ ಹಾಡನ್ನು ತನ್ನ ರೀತಿಯಲ್ಲಿ ಹಾಡಿತು.

‘ಫುಲ್ ಅಪ್’ ಎಂಬ ಮತ್ತೊಂದು ಸ್ಟುಡಿಯೋ ಒನ್ ಮಟ್ಟಿನ ಕಥೆ ಇನ್ನೂ ಸ್ವಾರಸ್ಯಕರ. 1981ರಲ್ಲಿ ‘ಮೈಟಿ ಡೈಮಂಡ್ಸ್’ ಗಾಯಕರು ಅದಕ್ಕೆ ಗಾಂಜಾ ಚಿಲುಮೆಯ ಹಾಡೊಂದನ್ನು ಹೊಂದಿಸಿದರು. ಮರುವರ್ಷ ಬರ್ಮಿಂಗ್‌ಹ್ಯಾಮಿನ ಬಾಲಕರ ತಂಡ ‘ಮ್ಯೂಸಿಕಲ್ ಯೂತ್’ ಚಿಲುಮೆಯ ಜಾಗದಲ್ಲಿ ಅಡುಗೆಯ ಪಾತ್ರೆಯನ್ನಿಟ್ಟು ಹಾಡಿತು. ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗೀತೆಯ ಕರ್ತೃಗಳಲ್ಲಿ ಮಿಟ್ಟೂ ಹೆಸರೂ ಇದೆ.

ಎಲ್ಲ ಮಟ್ಟುಗಳಿಗೂ ಈ ಭಾಗ್ಯ ಒದಗಲಿಲ್ಲ. ಅಂದಿನ ಜಮೈಕಾದ ಸ್ಟುಡಿಯೋಗಳಲ್ಲಿ ವಾದಕರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ನುಡಿಸಿದ ಹೊತ್ತಿನ ಸಂಭಾವನೆ ಮಾತ್ರ. ತಟ್ಟೆ ಮತ್ತೆ ಮತ್ತೆ ಮಾರಾಟವಾದರೂ, ಮಟ್ಟನ್ನು ಬೇರೊಬ್ಬರು ಎತ್ತಿಕೊಂಡರೂ ಬೆರಳಾಡಿಸಿದವರಿಗೆ ಪಾಲು ಬರುವುದು ಅಪರೂಪ. ದ್ವೀಪದಲ್ಲಿ ಜಾರಿಯಲ್ಲಿದ್ದುದು 1911ರ ಬ್ರಿಟಿಷ್ ಕೃತಿಸ್ವಾಮ್ಯ ಕಾನೂನು. ಹಂಚಿಕೊಳ್ಳುವ ಈ ಉದಾರ ಪದ್ಧತಿಯೇ ರೆಗೆಯನ್ನು ಬೆಳೆಸಿತು, ನಿಜ. ಆದರೆ ಆ ಔದಾರ್ಯದ ಬೆಲೆ ತೆತ್ತವರು ವಾದಕರು.

ಮಿಟ್ಟೂ ಅರವತ್ತರ ದಶಕದ ಕೊನೆಗೇ ಕೆನಡಾದ ಟೊರೊಂಟೊ ಸೇರಿದ್ದರು. ಅಲ್ಲಿ 1971ರ ‘ವಿಶ್‌ಬೋನ್’ ಹೆಸರು ತಂದಿತು. ಕಿಂಗ್‌ಸ್ಟನ್ನಿಗೆ ಬಂದುಹೋಗುತ್ತ ಎಂಬತ್ತರ ದಶಕದಲ್ಲೂ ನುಡಿಸಿದರು. 1990ರ ಡಿಸೆಂಬರ್ 16ರಂದು ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ವಯಸ್ಸು ನಲವತ್ತೆರಡು. ಜಮೈಕಾ ತನ್ನದೇ ಹೊಸ ಕೃತಿಸ್ವಾಮ್ಯ ಕಾನೂನನ್ನು ರೂಪಿಸಿಕೊಂಡದ್ದು 1993ರಲ್ಲಿ.