ಬ್ಯಾಂಕಿಗೆ ಮೊದಲು ಶಾಲೆ: ಅಮ್ಮೆಂಬಳ ಸುಬ್ಬರಾವ್ ಪೈ

ಮಕ್ಕಳ ವಿದ್ಯಾರ್ಥಿವೇತನದ ಖಾತೆಗಾಗಿ ಕೆನರಾ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವ ನಮ್ಮ ಪೋಷಕರಲ್ಲಿ, ಅದರ ಸ್ಥಾಪಕರು ಮೊದಲು ಕಟ್ಟಿದ್ದು ಶಾಲೆಯನ್ನು ಎಂದು ಬಲ್ಲವರು ವಿರಳ.

ಅಮ್ಮೆಂಬಳ ಸುಬ್ಬರಾವ್ ಪೈಗಳು 1852ರ ನವೆಂಬರ್ 19ರಂದು ಮೂಲ್ಕಿಯಲ್ಲಿ ಜನಿಸಿದರು. ಮದರಾಸಿನಲ್ಲಿ ಕಾನೂನು ಓದಿ, ಮಂಗಳೂರಿಗೆ ಮರಳಿ ವಕೀಲರಾದರು. ಅಂದು ನಮ್ಮ ಕಾಸರಗೋಡೂ ಮದರಾಸು ಪ್ರಾಂತದ ಅದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. ನಡುವೆ ರಾಜ್ಯದ ಗಡಿ ಬಿದ್ದದ್ದು 1956ರಲ್ಲಿ.

1891ರಲ್ಲಿ ಅವರು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಮೂರೇ ವರ್ಷಗಳಲ್ಲಿ, 1894ರಲ್ಲಿ, ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶಾಲೆ ತೆರೆಯಿತು. ಬಾಲ್ಯವಿವಾಹವೇ ರೂಢಿಯಾಗಿದ್ದ ಆ ಕಾಲದಲ್ಲಿ ಹುಡುಗಿಯನ್ನು ಓದಲು ಕಳುಹಿಸುವುದೆಂದರೆ ಮನೆಯವರು ಊರವರ ಮಾತಿಗೆ ಗುರಿಯಾಗುವುದೇ ಸರಿ. ವಕೀಲಿಕೆಯಲ್ಲಿ ಗಳಿಸಿದ ಹೆಸರನ್ನು ಇಂಥ ಕೆಲಸಕ್ಕೆ ಪಣವಾಗಿಟ್ಟದ್ದು, ಶಿಕ್ಷಕನಾದ ನನಗೆ, ಬ್ಯಾಂಕು ಕಟ್ಟಿದ್ದಕ್ಕಿಂತ ಹಿರಿದಾಗಿ ಕಾಣುತ್ತದೆ.

1906ರಲ್ಲಿ ಅವರು ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಎಂಬ ಹೆಸರು ತಾಳಿತು. ಅದನ್ನು ಕಾಣಲು ಅವರಿರಲಿಲ್ಲ. 1909ರ ಜುಲೈ 25ರಂದು, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರು ತೆರೆದ ಶಾಲೆಗಳಲ್ಲಿ ಇಂದಿಗೂ ಗಂಟೆ ಬಾರಿಸುತ್ತಿದೆ. ತಲಪಾಡಿ ದಾಟಿ ಮಂಗಳೂರಿಗೆ ಓದಲು ಹೋಗುವ ಮಕ್ಕಳು ಈಗಲೂ ನಮ್ಮಲ್ಲಿದ್ದಾರೆ.